ದಿಂಬಿನ ಕೆಳಗಿನ ಚಾಕು

ಕಳೆದ ತಿಂಗಳು ರಾಯಚೂರಿನ ಒಂದು ಹಾಸ್ಟೆಲಿನ ಮಾಳಿಗೆಯ ಮೇಲೆ ರಾತ್ರಿ ಹನ್ನೆರಡರ ತನಕ ವಾದ ನಡೆಯಿತು. ಪರೀಕ್ಷೆಯ ಬಗ್ಗೆ ಅಲ್ಲ, ಇನ್ನೂ ಬರದ ಸ್ಕಾಲರ್‌ಶಿಪ್ಪಿನ ಬಗ್ಗೆಯೂ ಅಲ್ಲ. ಕರಾಟೆಯವನೂ ಕುಸ್ತಿಯವನೂ ಎದುರುಬದುರು ನಿಂತರೆ ಯಾರು ಗೆಲ್ಲುತ್ತಾರೆ ಅನ್ನುವುದು ಪ್ರಶ್ನೆ. ಒಬ್ಬ ಮೊಬೈಲು ತೆಗೆದು ಪಂಜರದೊಳಗಿನ ಹೊಡೆದಾಟ ತೋರಿಸಿದ. ಇನ್ನೊಬ್ಬ ಬ್ರೂಸ್‌ಲೀ ಎಂದ. ದೇವದುರ್ಗದ ಕಡೆಯವನೊಬ್ಬ, ನಮ್ಮೂರ ತಾಲೀಮಿನ ಪೈಲ್ವಾನ ಒಂದು ಸಲ ಸೊಂಟ ಹಿಡಿದರೆ ನಿಮ್ಮ ಬ್ರೂಸ್‌ಲೀ ಅಲ್ಲೇ ಮಣ್ಣು ಮುಕ್ಕುತ್ತಾನೆ ಎಂದ. ನಗು, ಶಿಳ್ಳೆ, ಒಂದಿಷ್ಟು ತಳ್ಳಾಟ. ಅಷ್ಟು ಹೊತ್ತೂ ಬಾಯಿ ಬಿಡದೆ ಮೂಲೆಯಲ್ಲಿ ಕೂತಿದ್ದ ಹುಡುಗನೊಬ್ಬ ಎದ್ದು ಕೆಳಗೆ ಹೋದ. ತಿರುಗಿ ಬಂದು ನಮ್ಮೆಲ್ಲರ ನಡುವೆ ಒಂದು ಚಾಕು ಇಟ್ಟ. "ಎಲ್ಲಾರೂ ಸುಮ್ನಿರ್ರಿ. ನನ್ ಕರಾಟೆ, ನನ್ ಕುಸ್ತಿ ಎಲ್ಲಾ ಇದಾ" ಎಂದ.

ಆರು ಇಂಚಿನ ಅಲಗು, ಮರದ ಹಿಡಿ, ಸಂತೆಯಲ್ಲಿ ಕೊಂಡದ್ದು. ಎರಡು ತಿಂಗಳಿಂದ ಅದನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದನಂತೆ. ಕೋಣೆಯ ಗೆಳೆಯರಿಗೂ ಗೊತ್ತಿರಲಿಲ್ಲ.

ನಡೆದದ್ದು ಇಷ್ಟು. ರಜೆಗೆ ಊರಿಗೆ ಹೋಗಿದ್ದ. ಬಸ್ಸು ನಿಲ್ಲುವ ಕಡೆ ಇರುವ ಹೋಟೆಲಿನ ಬೆಂಚಿನ ಮೇಲೆ ಕೂತು ಚಹಾ ಕುಡಿದ. ಅವನಪ್ಪ ಆ ಹೋಟೆಲಿನಲ್ಲಿ ಯಾವತ್ತೂ ಬೆಂಚಿನ ಮೇಲೆ ಕೂತವನಲ್ಲ. ಮೂವರು ಬಂದರು. ಅವರಲ್ಲಿ ಒಬ್ಬ ಇವನ ಜೊತೆ ಐದನೆಯ ಇಯತ್ತೆವರೆಗೆ ಒಂದೇ ಸಾಲಿಯಲ್ಲಿ ಓದಿದವನು. ಮೊದಲು ಜಾತಿ ಹಿಡಿದು ಬೈದರು. ಆಮೇಲೆ ಕೆನ್ನೆಗೆ. ಆಮೇಲೆ ಬೆಂಚಿನಿಂದ ಎಳೆದು ಒದೆ. ನಮ್ಮ ಹುಡುಗ ಎರಡು ವರ್ಷ ಕರಾಟೆ ಕಲಿತವನು, ಹಸಿರು ಬೆಲ್ಟಿನವನು. "ಕೈ ಏಳಲೇ ಇಲ್ಲಣ್ಣ. ನನ್ ಕೈ ನಂದಲ್ಲ ಅನಿಸಿಬಿಡ್ತು" ಎಂದ. ಠಾಣೆಗೆ ಹೋಗೋಣ ಅಂದರೆ ಅಪ್ಪ ಬೇಡವೆಂದ. ನಾಳೆ ಅವರದೇ ಹೊಲಕ್ಕೆ ಹತ್ತಿ ಬಿಡಿಸಲು ಹೋಗಬೇಕು.

"ಅಣ್ಣಾ, ನೀವು ಪದ್ಯ ಬರೀತೀರಿ. ನಿಮ್ಮನ್ನ ಯಾರೂ ಬೆಂಚಿನಿಂದ ಎಳದು ಒದ್ದಿಲ್ಲ. ನನಗ ಈಗ ಏನ್ ಬೇಕು ಹೇಳ್ರಿ" ಎಂದು ನಮ್ಮನ್ನು ಕೇಳಿದ. ಆ ರಾತ್ರಿ ನಮ್ಮಲ್ಲಿ ಯಾರೂ ಉತ್ತರ ಕೊಡಲಿಲ್ಲ. ಈಗ ಕೊಡುತ್ತಿದ್ದೇವೆ, ಒಂದು ತಿಂಗಳು ತಡವಾಗಿ. ಅವನಂಥವರು ಪ್ರತಿ ಹಾಸ್ಟೆಲಿನಲ್ಲೂ ಇದ್ದಾರೆ, ಆದ್ದರಿಂದ ಎಲ್ಲರೂ ಓದಲಿ.

ಮೊದಲು ಮಾಳಿಗೆಯ ವಾದವನ್ನೇ ಮುಗಿಸೋಣ. ಯಾವ ವಿದ್ಯೆ ಕೆಲಸಕ್ಕೆ ಬರುತ್ತದೆ ಅನ್ನುವುದು ಹೊಸ ಪ್ರಶ್ನೆಯಲ್ಲ. ಜಪಾನಿನಲ್ಲಿ ಜಿಗೊರೊ ಕಾನೊ ಎಂಬ ತರುಣ 1882ರಲ್ಲಿ ಟೋಕಿಯೋದಲ್ಲಿ ಕೊಡೊಕಾನ್ ಎಂಬ ಶಾಲೆ ತೆರೆದ. ಅದರಿಂದಲೇ ಜೂಡೋ ಬಂದದ್ದು. ಹಳೆಯ ಗುರುಗಳ ಹತ್ತಿರ ಕಣ್ಣು ಕೀಳುವ, ಕೀಲು ಮುರಿಯುವ ಭಯಂಕರ ಪಟ್ಟುಗಳಿದ್ದವು. ಆದರೆ ಅವನ್ನು ಗೆಳೆಯನ ಮೇಲೆ ಪೂರ್ತಿ ಬಲ ಹಾಕಿ ಪ್ರಯೋಗಿಸಿ ನೋಡುವಂತಿಲ್ಲ. ಗಾಳಿಯಲ್ಲಿ ಮಾಡಬೇಕು, ಇಲ್ಲವೆ ಒಪ್ಪಿಕೊಂಡು ಬೀಳುವವನ ಮೇಲೆ ಮಾಡಬೇಕು. ಕಾನೊ ಅಪಾಯದ ಪಟ್ಟುಗಳನ್ನು ದಿನದ ಸೆಣಸಾಟದಿಂದ ತೆಗೆದುಹಾಕಿದ. ಉಳಿದವನ್ನು ಎದುರಾಳಿ ಪೂರ್ತಿ ಬಲದಿಂದ ತಡೆಯುತ್ತಿರುವಾಗಲೇ ಮಾಡಿ ಕಲಿಯಬೇಕೆಂದ. 1880ರ ದಶಕದಲ್ಲಿ ಹಳೆಯ ಶಾಲೆಗಳ ಜೊತೆ ಪಂದ್ಯಗಳಾದಾಗ ಭಯಂಕರ ಪಟ್ಟು ಕಲಿತವರಿಗಿಂತ ದಿನಾ ಸೆಣಸಿದವರೇ ಹೆಚ್ಚು ಗೆದ್ದರು.

1993ರ ನವೆಂಬರ್ 12ರಂದು ಅಮೆರಿಕದ ಡೆನ್ವರಿನಲ್ಲಿ ಎಂಟು ವಿದ್ಯೆಗಾರರನ್ನು ಪಂಜರದಲ್ಲಿ ಬಿಟ್ಟು ನೋಡಿದರು. ಬಾಕ್ಸಿಂಗ್, ಕರಾಟೆ, ಸುಮೊ ಎಲ್ಲ ಬಂದಿದ್ದವು. ಗೆದ್ದವನು ಬ್ರೆಜಿಲಿನ ರಾಯ್ಸ್ ಗ್ರೇಸಿ, ಅವರೊಳಗೆ ಮೈಕಟ್ಟಿನಲ್ಲಿ ಸಣ್ಣವರಲ್ಲಿ ಒಬ್ಬ. ಒಂದೇ ರಾತ್ರಿ ಮೂವರನ್ನು ನೆಲಕ್ಕೆ ಎಳೆದು ಸೋಲೊಪ್ಪಿಸಿದ. ಹಾಗಾಗಿ ದೇವದುರ್ಗದ ಗೆಳೆಯನ ಮಾತಿನಲ್ಲಿ ಸತ್ಯವಿದೆ. ಗೆರೆ ಎಳೆದು ಗಾಳಿಗೆ ಗುದ್ದುವ ಕರಾಟೆಗಿಂತ ದಿನಾ ಇನ್ನೊಬ್ಬನ ತೂಕ ಹೊರುವ ಕುಸ್ತಿ ಮೇಲು. ಆದರೆ ಅದೇ ಪಂಜರದಲ್ಲೂ ಕಚ್ಚುವಂತಿರಲಿಲ್ಲ, ಕಣ್ಣಿಗೆ ಬೆರಳಿಡುವಂತಿರಲಿಲ್ಲ. ಒಳಗೆ ಇಬ್ಬರೇ ಇದ್ದರು. ನಡುವೆ ನಿಂತು ಬಿಡಿಸುವವನೊಬ್ಬ ಇದ್ದ. ಕೈಯಲ್ಲಿ ಕಲ್ಲಿರಲಿಲ್ಲ. ಸೋತವನು ಮರುದಿನ ಗೆದ್ದವನ ಹೊಲಕ್ಕೆ ಕೂಲಿಗೆ ಹೋಗಬೇಕಾಗಿರಲಿಲ್ಲ.

ಸಿನಿಮಾದ ಖಳರು ನಾಯಕನ ಹತ್ತಿರ ಒಬ್ಬೊಬ್ಬರಾಗಿ ಬರುತ್ತಾರೆ, ರೇಷನ್ ಅಂಗಡಿಯ ಮುಂದೆ ಪಾಳಿ ನಿಂತವರ ಹಾಗೆ. ಊರಲ್ಲಿ ಹಾಗೆ ಬರುವುದಿಲ್ಲ. ಮೂವರು ಬಂದರೆ ಮೂವರೂ ಒಂದೇ ಸಲ. ಹಿಂದಿನಿಂದ ಒಬ್ಬ ಕೂದಲು ಹಿಡಿದಿರುತ್ತಾನೆ. ಒಬ್ಬನನ್ನು ನೆಲಕ್ಕೆ ಕೆಡವಿ ಅವನ ಮೇಲೆ ಕೂತರೆ ಉಳಿದಿಬ್ಬರ ಕಾಲು ನಿನ್ನ ತಲೆಗೆ. ಗ್ರೇಸಿಯ ವಿದ್ಯೆ ಅಲ್ಲಿ ಮುಗಿಯಿತು. ನಮ್ಮೂರ ಪೈಲ್ವಾನನದೂ ಅಷ್ಟೇ.

ಅಂದ ಮೇಲೆ ತಾಲೀಮಿನ ಮಾತು ಬಂದದ್ದರಿಂದ ಒಂದು ಹೇಳಬೇಕು. ದೇವಸುಗೂರಿನಲ್ಲಿ ನಮಗೆ ಸಾಮು ಹೇಳಿಕೊಡುವ ಮುತ್ಯಾ ಒಬ್ಬರಿದ್ದಾರೆ. ಶಕ್ತಿನಗರದ ಥರ್ಮಲ್ಲಿನಲ್ಲಿ ಬೂದಿ ಹೊತ್ತು ಸವೆದ ಜೀವ. ಅವರ ಹರೆಯದಲ್ಲಿ ಅವರೂರ ಗರಡಿಯೊಳಗೆ ಕೇರಿಯವರಿಗೆ ಪ್ರವೇಶ ಇರಲಿಲ್ಲ. "ಕುಸ್ತಿ ದಿನ ಹಲಗಿ ಬಡಿಯಾಕ ಕರೀತಿದ್ರು ತಮ್ಮ. ಕೆಮ್ಮಣ್ಣು ಹೊತ್ತು ಹಾಕಾಕ ಕರೀತಿದ್ರು. ಹಾಕಿದ ಮಣ್ಣಾಗ ಇಳಿಯಾಕ ಮಾತ್ರ ಕರೀಲಿಲ್ಲ" ಎನ್ನುತ್ತಾರೆ. ಹಲಗೆ ಬಡಿಯುತ್ತಲೇ ನೋಡಿ ನೋಡಿ ಪಟ್ಟು ಕಲಿತರು, ರಾತ್ರಿ ಹೊಳೆಯ ಮರಳಿನಲ್ಲಿ ತಮ್ಮನ ಜೊತೆ ಹಿಡಿದು ನೋಡಿದರು. ಇವರಿಗಿಂತ ದೊಡ್ಡ ಗುರುವನ್ನು ನಾವು ಜಪಾನಿನಲ್ಲಿ ಹುಡುಕುವುದಿಲ್ಲ.

ಈಗ ಆ ತಮ್ಮನ ಕೈಯ ವಿಚಾರ. ಕೈ ಯಾಕೆ ಏಳಲಿಲ್ಲ? ಬೆಲ್ಟಿನ ಬಣ್ಣ ಕಡಿಮೆಯಾಯಿತೆ? ನಮಗೆ ಹಾಗೆ ಕಾಣುವುದಿಲ್ಲ. ಕರಾಟೆ ಮಾಸ್ತರು ಅವನಿಗೆ ಎರಡು ವರ್ಷ ಕಲಿಸಿದ್ದು, ನಮಸ್ಕಾರ ಮಾಡಿ ಎದುರಿಗೆ ನಿಲ್ಲುವ ಅಪರಿಚಿತನಿಗೆ ಹೇಗೆ ಗುದ್ದಬೇಕು ಎಂದು. ಊರು ಅವನಿಗೆ ಹದಿನೆಂಟು ವರ್ಷ ಕಲಿಸಿದ್ದು, ಆ ಮನೆಯವರ ಎದುರಿಗೆ ಕೈ ಎತ್ತಬಾರದು, ಕಣ್ಣೂ ಎತ್ತಬಾರದು ಎಂದು. ಚಪ್ಪಲಿ ಕೈಯಲ್ಲಿ ಹಿಡಿದು ನಡೆದ ಅಜ್ಜನ ಕಾಲು, ದೂರ ಕೂತು ಚಹಾ ಕುಡಿದ ಅಪ್ಪನ ಬೆನ್ನು, ಇವೆಲ್ಲ ಸೇರಿ ಆ ಕೈಯನ್ನು ಹಿಡಿದುಕೊಂಡಿದ್ದವು. ಎರಡಕ್ಕೂ ಪಂದ್ಯ ಬಿದ್ದಾಗ ಹದಿನೆಂಟು ವರ್ಷದ ತಾಲೀಮೇ ಗೆದ್ದಿತು. ಇದು ಹೇಡಿತನವಲ್ಲ ತಮ್ಮ. ನಾಚಿಕೆಪಡಬೇಡ. ನಿನಗೆ ಒಂದು ತಾಲೀಮು ಹೆಚ್ಚು ಸಿಕ್ಕಿತ್ತು, ಇನ್ನೊಂದು ಕಡಿಮೆ.

ಇದು ಬರೀ ನಮ್ಮ ಕವಿತೆಯ ಮಾತು ಅನ್ನಬೇಡಿ. ಕೆನಡಾದ ಮೂರು ವಿಶ್ವವಿದ್ಯಾಲಯಗಳಲ್ಲಿ ಮೊದಲ ವರ್ಷದ 893 ವಿದ್ಯಾರ್ಥಿನಿಯರನ್ನು ಎರಡು ಗುಂಪು ಮಾಡಿ ನೋಡಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಓದಲು ಕರಪತ್ರ ಕೊಟ್ಟರು. ಇನ್ನೊಂದಕ್ಕೆ ತಲಾ ಮೂರು ಗಂಟೆಯ ನಾಲ್ಕು ಪಾಠ, ಒಟ್ಟು ಹನ್ನೆರಡು ಗಂಟೆ. ಒಂದು ವರ್ಷ ಬಿಟ್ಟು ಕೇಳಿದಾಗ ಕರಪತ್ರದ ಗುಂಪಿನಲ್ಲಿ ನೂರಕ್ಕೆ 9.8 ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ ನಡೆದಿತ್ತು. ಪಾಠ ಕಲಿತವರಲ್ಲಿ 5.2. ಹನ್ನೆರಡು ಗಂಟೆಯಲ್ಲಿ ಯಾರಿಗೂ ಕಪ್ಪು ಬೆಲ್ಟು ಬರುವುದಿಲ್ಲ. ಹೊಡೆಯುವ ಪಾಠ ಅದರಲ್ಲಿ ಒಂದು ಭಾಗ ಮಾತ್ರ. ಉಳಿದದ್ದು ಏನು? ಅಪಾಯವನ್ನು ಮೊದಲೇ ಗುರುತಿಸುವುದು. ಕೈ ಮಾಡುವವನು ಗುರುತಿನವನೇ, ಮರ್ಯಾದಸ್ಥನೇ ಆಗಿದ್ದಾಗ ಬಾಯಿ ಕಟ್ಟುವ ಸಂಕೋಚವನ್ನು ಮುರಿಯುವುದು. ನಮ್ಮ ಹುಡುಗನ ಮೇಲೆ ಕೈ ಮಾಡಿದವನೂ ಸಾಲಿಯ ಗೆಳೆಯನೇ ಅಲ್ಲವೆ?

ನಮ್ಮಲ್ಲೂ ಸಮಾಜ ಕಲ್ಯಾಣ ಇಲಾಖೆ ಹಾಸ್ಟೆಲು, ವಸತಿಶಾಲೆಯ ಹೆಣ್ಣುಮಕ್ಕಳಿಗೆ ಓಬವ್ವನ ಹೆಸರಿನಲ್ಲಿ ಆತ್ಮರಕ್ಷಣೆಯ ಕಲೆ ಕಲಿಸುವ ಯೋಜನೆ ಮಾಡಿದೆ. ಒಳ್ಳೆಯದು. ಚಿತ್ರದುರ್ಗದ ಕೋಟೆ ಕಾವಲುಗಾರನ ಹೆಂಡತಿ, ಛಲವಾದಿ ಹೆಣ್ಣುಮಗಳು, ನಮ್ಮವಳು. 1972ರ 'ನಾಗರಹಾವು' ಸಿನಿಮಾದಲ್ಲಿ ಜಯಂತಿ ಒನಕೆ ಎತ್ತಿದ್ದನ್ನು ನೋಡಿದವರಿಗೆ ನೆನಪಿರುವುದು ಒನಕೆ. ಆದರೆ ಕಥೆಯನ್ನು ಇನ್ನೊಮ್ಮೆ ಯೋಚಿಸಿ ನೋಡಿ. ಹೈದರಾಲಿಯ ಪಡೆಯನ್ನು ಓಬವ್ವ ಬಯಲಿನಲ್ಲಿ ಎದುರಿಸಿದ್ದರೆ ಒನಕೆ ಎಷ್ಟು ಹೊತ್ತು ತಡೆಯುತ್ತಿತ್ತು? ಅವಳು ನಿಂತದ್ದು ಕಿಂಡಿಯ ಪಕ್ಕದಲ್ಲಿ. ಅಲ್ಲಿ ಒಬ್ಬನೇ ನುಸುಳಬೇಕು, ಅದೂ ತಲೆ ಮೊದಲು ಹಾಕಿ. ಸತ್ತವನನ್ನು ಬದಿಗೆ ಎಳೆದು ಹಾಕಿದಳು, ಹಿಂದಿನವನಿಗೆ ಸುಳಿವು ಸಿಗದ ಹಾಗೆ. ನೂರು ಜನರನ್ನು ಒಬ್ಬೊಬ್ಬರನ್ನಾಗಿ ಮಾಡಿದ್ದು ಆ ಕಿಂಡಿ, ಅದನ್ನು ಕಂಡದ್ದು ಅವಳ ಬುದ್ಧಿ. ಒನಕೆ ಎಲ್ಲರ ಮನೆಯಲ್ಲೂ ಇತ್ತು. ಇವತ್ತು ಗುದ್ದು ಒದೆ ಕಲಿಸುವವರು ಹೆಣ್ಣುಮಕ್ಕಳಿಗೆ ಕಿಂಡಿ ನೋಡುವುದನ್ನೂ ಕಲಿಸಬೇಕು. ಹಾಸ್ಟೆಲಿನಿಂದ ಬಸ್‌ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲಿ ಯಾವ ದೀಪ ಉರಿಯುವುದಿಲ್ಲ, ಯಾವ ಅಂಗಡಿ ಎಷ್ಟು ಗಂಟೆಗೆ ಮುಚ್ಚುತ್ತದೆ, ಕೂಗಿದರೆ ಯಾವ ಮನೆಯ ಬಾಗಿಲು ತೆರೆಯುತ್ತದೆ, ಇದೂ ಆತ್ಮರಕ್ಷಣೆಯ ಪಾಠವೇ.

ಇನ್ನು ಚಾಕು.

ಚಾಕು ಕೆಲಸಕ್ಕೆ ಬರುವುದಿಲ್ಲ ಎಂದು ನಾವು ಸುಳ್ಳು ಹೇಳುವುದಿಲ್ಲ. ಚಾಕು ಬಹಳ ಕೆಲಸ ಮಾಡುತ್ತದೆ, ಕಷ್ಟ ಇರುವುದೇ ಅಲ್ಲಿ. ಅಮೆರಿಕದ ಪೊಲೀಸ್ ಅಧಿಕಾರಿ ಡೆನಿಸ್ ಟ್ಯೂಲರ್ ಅಳೆದು ನೋಡಿ 1983ರಲ್ಲಿ ಬರೆದ: ಚಾಕು ಹಿಡಿದವನು 21 ಅಡಿ ದೂರವನ್ನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ದಾಟಿ ಬರುತ್ತಾನೆ. ಸೊಂಟದಲ್ಲಿ ಪಿಸ್ತೂಲು ಇದ್ದವನಿಗೂ ತೆಗೆದು ಗುರಿಯಿಡಲು ಬಹುತೇಕ ಅಷ್ಟೇ ಹೊತ್ತು ಬೇಕು. 21 ಅಡಿ ಅಂದರೆ ನಮ್ಮ ಹಾಸ್ಟೆಲಿನ ಕೋಣೆಗಿಂತ ಉದ್ದ. ಕರಾಟೆ ಪುಸ್ತಕದಲ್ಲಿ ಚಾಕುವಿನ ಕೈಯನ್ನು ಹಿಡಿದು ತಿರುವುವ ಚಿತ್ರ ಇರುತ್ತದಲ್ಲ, ಅದನ್ನು ನಂಬಿ ಹೋದವನು ದವಾಖಾನೆ ಸೇರುತ್ತಾನೆ. ಮರದ ಚಾಕುವಿಗೆ ಸುಣ್ಣ ಹಚ್ಚಿ ನಾವು ಮರಳಿನಲ್ಲಿ ಆಡಿ ನೋಡಿದೆವು. ತಡೆಯಲು ಹೋದವರ ಅಂಗಿಯ ಮೇಲೆಲ್ಲ ಸುಣ್ಣದ ಗೆರೆ. ಮುತ್ಯಾ ಒಬ್ಬರಿಗೆ ಮಾತ್ರ ಗೆರೆ ಬೀಳಲಿಲ್ಲ, ಯಾಕೆಂದರೆ ಚಾಕು ಕಂಡ ಕೂಡಲೆ ಅವರು ಹಿಂದೆ ತಿರುಗಿ ಓಡಿದರು. "ನನ್ನ ಉಸ್ತಾದ್ ಕಲಿಸಿದ ಮೊದಲ್ನೇ ಡಾವು ಇದಾ" ಎಂದು ನಕ್ಕರು.

ಈಗ ಅದೇ ಚಾಕು ನಿನ್ನ ಕೈಯಲ್ಲಿದೆ ಅಂದುಕೋ. ಹೋಟೆಲಿನ ಬೆಂಚು, ಮೂವರು. ತೆಗೆದೆ. ತೆಗೆದ ಮೇಲೆ ಚುಚ್ಚಬೇಕು. ಚುಚ್ಚದೆ ಬರೀ ತೋರಿಸಿದರೆ ಕಸಿದುಕೊಳ್ಳುತ್ತಾರೆ. ಕೈ ಎತ್ತಲಾಗದ ನಿನಗೆ ಹೊಟ್ಟೆಗೆ ಚುಚ್ಚಲು ಆಗುತ್ತದೆಯೆ? ಆಗದಿದ್ದರೆ ಅವರಿಗೊಂದು ಚಾಕು ಕೊಟ್ಟ ಹಾಗಾಯಿತು. ಆಗುತ್ತದೆ ಅಂದರೆ ಒಬ್ಬ ಬಿದ್ದ. ಉಳಿದಿಬ್ಬರು ಓಡಿದರು. ಅರ್ಧ ಗಂಟೆಯಲ್ಲಿ ಊರೇ ಕೇರಿಯ ಬಾಯಿಗೆ ಬರುತ್ತದೆ. ಅಷ್ಟು ಹೊತ್ತಿಗೆ ನೀನು ಬಸ್ಸು ಹತ್ತಿರುತ್ತೀ, ಗುಡಿಸಿಲಲ್ಲಿ ನಿನ್ನವ್ವ ಇರುತ್ತಾಳೆ. ದಿಂಬಿನ ಕೆಳಗೆ ಚಾಕು ಇಟ್ಟುಕೊಂಡವರು ಈ ಅರ್ಧ ಗಂಟೆಯ ಲೆಕ್ಕ ಹಾಕಿರುವುದಿಲ್ಲ.

ಕಾನೂನು ಏನನ್ನುತ್ತದೆ? ಆತ್ಮರಕ್ಷಣೆ ಹಕ್ಕು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೆಯ ಕಲಮುಗಳನ್ನು ಓದಿ. ಹಳೆಯ ದಂಡಸಂಹಿತೆಯಲ್ಲಿ ಇವೇ 96ರಿಂದ 106. ನಿನ್ನ ಮೈಯನ್ನೂ ಕಾಪಾಡಿಕೊಳ್ಳಬಹುದು, ಪಕ್ಕದವನ ಮೈಯನ್ನೂ ಕಾಪಾಡಬಹುದು. ಏಟು ಬೀಳುವ ತನಕ ಕಾಯಬೇಕಿಲ್ಲ, ಅಪಾಯದ ಭಯಕ್ಕೆ ಆಧಾರವಿದ್ದರೆ ಸಾಕು. ಸಾವಿನ ಅಥವಾ ತೀವ್ರ ಗಾಯದ, ಅತ್ಯಾಚಾರದ ಭಯವಿದ್ದಾಗ ಎದುರಾಳಿ ಸತ್ತರೂ ಅದು ಅಪರಾಧವಾಗದಿರಬಹುದು. ಹೇಡಿಯ ಹಾಗೆ ಓಡಿಹೋಗಬೇಕೆಂದು ಕಾನೂನು ಯಾರಿಗೂ ಹೇಳುವುದಿಲ್ಲ ಎಂದು ಸುಪ್ರೀಂ ಕೋರ್ಟು 2010ರ ದರ್ಶನ್ ಸಿಂಗ್ ಪ್ರಕರಣದಲ್ಲಿ ವಿವರವಾಗಿ ಹೇಳಿದೆ. ಆದರೆ ಅಗತ್ಯಕ್ಕಿಂತ ಹೆಚ್ಚು ಪೆಟ್ಟು ಕೊಡುವಂತಿಲ್ಲ. ಸರ್ಕಾರದ ಸಹಾಯ ಪಡೆಯಲು ಸಮಯವಿದ್ದರೆ ಈ ಹಕ್ಕಿಲ್ಲ. ಎರಡು ತಿಂಗಳು ಬಿಟ್ಟು ಹೋಗಿ ಹೊಡೆದರೆ ಅದು ಆತ್ಮರಕ್ಷಣೆಯಲ್ಲ, ಸೇಡು. ಇನ್ನೂ ಒಂದು: ಆತ್ಮರಕ್ಷಣೆಗೆ ಮಾಡಿದೆ ಎನ್ನುವವನೇ ಅದನ್ನು ಕೋರ್ಟಿಗೆ ತೋರಿಸಿಕೊಡಬೇಕು. ಹೋಟೆಲಿನಲ್ಲಿ ಕೂತವರಲ್ಲಿ ನಿನ್ನ ಪರ ಸಾಕ್ಷಿ ಹೇಳುವವರು ಯಾರು? ಶಸ್ತ್ರಾಸ್ತ್ರ ಕಾಯ್ದೆಯ ಲೆಕ್ಕದಲ್ಲಿ ಒಂಬತ್ತು ಇಂಚಿಗಿಂತ ಉದ್ದ, ಇಲ್ಲವೆ ಎರಡು ಇಂಚಿಗಿಂತ ಅಗಲದ ಅಲಗು ಹತ್ಯಾರ. ಮನೆಗೆ, ಹೊಲಕ್ಕೆ, ಕಸುಬಿಗೆ ಮಾಡಿದ್ದನ್ನು ಬಿಟ್ಟು. ನಿನ್ನದು ಆರೇ ಇಂಚು, ಸರಿ. ಆದರೆ ಪಂಚನಾಮೆ ಬರೆಯುವವನು ಇಂಚುಪಟ್ಟಿ ಹಿಡಿಯುವುದಕ್ಕಿಂತ ಮೊದಲು "ಸೊಂಟದಲ್ಲಿ ಬಚ್ಚಿಟ್ಟುಕೊಂಡು ಬಂದು" ಎಂದು ಬರೆಯುತ್ತಾನೆ. ನಿನ್ನ ಫಿರ್ಯಾದಿಯ ಜೊತೆಗೆ ಅವರ ಎದುರು ಫಿರ್ಯಾದಿ, ಎರಡೂ ಸೇರಿ ರಾಜಿ ಪಂಚಾಯ್ತಿ. ನಾವು ಎಷ್ಟು ನೋಡಿಲ್ಲ!

ಮಾನ್ವಿಯ ಗೆಳೆಯನೊಬ್ಬ ಇಲ್ಲಿ ನಮ್ಮನ್ನು ತಡೆದ. ಬಾಬಾಸಾಹೇಬರೇ 'ಜಾತಿ ವಿನಾಶ'ದಲ್ಲಿ, ಕೆಳಗಿನವರಿಂದ ಆಯುಧ ಕಿತ್ತುಕೊಂಡದ್ದರಿಂದಲೇ ಅವರು ದಂಗೆ ಏಳಲಾಗಲಿಲ್ಲ ಎಂದಿದ್ದಾರಲ್ಲ ಎಂದ. ಹೌದು, ಅವರು ಆಯುಧದ ಜೊತೆಗೆ ವಿದ್ಯೆಯ ಮಾತನ್ನೂ ಆಡಿದ್ದಾರೆ. ಆಳುವವರಿಗೆ ಹತ್ಯಾರದ ಭಯ ಎಷ್ಟೆಂದು ಹಲಗಲಿಯ ಬೇಡರನ್ನು ಕೇಳಬೇಕು. 1857ರಲ್ಲಿ ಹತ್ಯಾರ ಒಪ್ಪಿಸುವುದಿಲ್ಲ ಎಂದದ್ದಕ್ಕೆ ಊರು ಸುಟ್ಟರು, ಗಲ್ಲಿಗೆ ಹಾಕಿದರು. ಆದರೆ ನಮ್ಮ ಕೇರಿಯನ್ನು ಒಮ್ಮೆ ನೋಡಿ. ಅಜ್ಜನ ಕೈಯಲ್ಲಿ ರಂಪಿಗೆ ಇತ್ತು, ಎಮ್ಮೆಯ ಚರ್ಮ ಸೀಳುವಂಥದ್ದು. ಪ್ರತಿ ಮನೆಯಲ್ಲೂ ಕೊಡಲಿ ಇತ್ತು, ಕುಡುಗೋಲು ಇತ್ತು. ಅಲಗು ಇಲ್ಲದ್ದಕ್ಕೆ ನಾವು ಏಟು ತಿಂದೆವೆ? ಊಟದ ಜೋಳ ಅವರ ಕಣಜದಲ್ಲಿತ್ತು. "ಮೇಲೇಳದ ರಂಪಿಗಿ ಹತ್ಯಾರ ಅಲ್ಲಣ್ಣ, ಸಾಮಾನು" ಎಂದು ಅವನು ತಿರುಗಿ ಹೇಳಿದ. ಮಾತು ಚೆನ್ನಾಗಿದೆ, ಒಪ್ಪುತ್ತೇವೆ. ಆದರೆ ಅದು ಮೇಲೇಳದ್ದಕ್ಕೆ ಕಾರಣ ಜೋಳವೇ.

1927ರ ಮಾರ್ಚ್ 20ರಂದು ಮಹಾಡಿನಲ್ಲಿ ಚೌಡಾರ ಕೆರೆಯ ನೀರು ಕುಡಿದು ಬಂದ ನಮ್ಮವರ ಮೇಲೆ ಬಡಿಗೆ ಹಿಡಿದು ಬಿದ್ದರು. ನಮ್ಮವರಲ್ಲಿ ಪಲ್ಟಣದಲ್ಲಿ ದುಡಿದು ಬಂದ ಗಟ್ಟಿಗರಿದ್ದರು, ಅಪ್ಪಣೆಗೆ ಕಾದಿದ್ದರು. ಬಾಬಾಸಾಹೇಬರು ಅಪ್ಪಣೆ ಕೊಡಲಿಲ್ಲ. ಹೊಡೆಯಲು ಬಾರದವರನ್ನು ಸುಮ್ಮನಿರು ಅನ್ನುವುದು ಬೇರೆ, ಹೊಡೆಯಬಲ್ಲವರನ್ನು ತಡೆಯುವುದು ಬೇರೆ. ಆ ಎರಡನೆಯದಕ್ಕೆ ಮೊದಲು ಹೊಡೆಯಬಲ್ಲ ಮೈ ಬೇಕು. ಅದಕ್ಕೇ ನಾವು ಸಾಮು ಬೇಡ ಅನ್ನುವುದಿಲ್ಲ.

ಹತ್ಯಾರದ ಬಗ್ಗೆ ಸರ್ಕಾರವೇ ಬರೆದಿಟ್ಟ ಒಂದು ಸಾಲು ನಮ್ಮ ಹುಡುಗರಿಗೆ ಗೊತ್ತಿಲ್ಲ. ದೌರ್ಜನ್ಯ ತಡೆ ಕಾಯ್ದೆಯ 1995ರ ನಿಯಮಗಳಲ್ಲಿ 3ನೆಯ ನಿಯಮ ತೆಗೆದು ನೋಡಿ. ದೌರ್ಜನ್ಯ ನಡೆಯಬಹುದಾದ ಕಡೆಗಳಲ್ಲಿ ಬೇರೆಯವರ ಬಂದೂಕಿನ ಪರವಾನಗಿ ರದ್ದು ಮಾಡಬಹುದು, ಅಕ್ರಮ ಬಂದೂಕುಗಳನ್ನು ಜಪ್ತಿ ಮಾಡಬೇಕು, ಅಗತ್ಯ ಕಂಡರೆ ಪರಿಶಿಷ್ಟರಿಗೆ ಪರವಾನಗಿ ಕೊಡಬಹುದು ಎಂದಿದೆ. ಕೊನೆಯ ಮಾತು ಓದಿ ಒಬ್ಬ ಹುಡುಗ ಕುಣಿದ. ನಮಗೆ ಮುಖ್ಯವಾಗಿ ಕಂಡದ್ದು ಮೊದಲ ಎರಡು ಮಾತು. ಕೇರಿಯಲ್ಲಿ ಒಂದು ಬಂದೂಕು ಬಂದರೆ ಊರಲ್ಲಿ ಹತ್ತು ಬರುತ್ತವೆ. ಊರಿನವರ ಬಂದೂಕು ಕಡಿಮೆಯಾದರೆ ಕೇರಿಗೆ ಒಂದೂ ಬೇಕಾಗುವುದಿಲ್ಲ. ತಹಶೀಲ್ದಾರರಿಗೆ ಅರ್ಜಿ ಬರೆಯುವ ಹುಡುಗರು ಇದನ್ನು ಬರೆಯಲಿ.

ಗಂಗಾವತಿ ತಾಲೂಕಿನ ಮರಕುಂಬಿ ಒಂದು ಕಾಲಕ್ಕೆ ನಮ್ಮ ರಾಯಚೂರು ಜಿಲ್ಲೆಯದೇ ಊರು. 1997ರಲ್ಲಿ ಕೊಪ್ಪಳ ಜಿಲ್ಲೆ ಬೇರೆಯಾಯಿತು. 2014ರ ಆಗಸ್ಟ್ 28ರಂದು ಅಲ್ಲಿ ಗುಂಪು ಕೇರಿಗೆ ನುಗ್ಗಿತು. ಹೋಟೆಲು, ಕ್ಷೌರದಂಗಡಿಯ ತಕರಾರು, ಅದರ ಮೇಲೆ ಗಂಗಾವತಿಯ ಥಿಯೇಟರಿನಲ್ಲಿ ಆದ ಹೊಡೆದಾಟ. ಗುಡಿಸಿಲಿಗೆ ಬೆಂಕಿ ಹಚ್ಚಿದರು. ಅವತ್ತು ಕೇರಿಯಲ್ಲಿ ನಾಲ್ಕು ಕಪ್ಪು ಬೆಲ್ಟಿನವರು ಇದ್ದಿದ್ದರೆ ಏನಾಗುತ್ತಿತ್ತು? ಬೆಂಕಿಗೆ ಯಾವ ಪಟ್ಟು ಹಾಕುತ್ತೀರಿ? ಆದರೆ 2024ರ ಅಕ್ಟೋಬರ್ 24ರಂದು ಕೊಪ್ಪಳದ ಕೋರ್ಟು 98 ಜನರಿಗೆ ಜೀವಾವಧಿ, ಮೂವರಿಗೆ ಐದು ವರ್ಷ ಶಿಕ್ಷೆ ಕೊಟ್ಟಿತು. ಹತ್ತು ವರ್ಷ ಅದೇ ಊರಲ್ಲಿ, ಅದೇ ಮುಖಗಳ ನಡುವೆ ಇದ್ದುಕೊಂಡು, ಕಟಕಟೆ ಹತ್ತಿ ಇವನೇ, ಇವನೇ ಎಂದು ಬೆರಳು ತೋರಿಸಿದವರು ಇದ್ದರಲ್ಲ, ಅವರ ಕೈ ಎದ್ದಿತ್ತು. ನಾವು ಕುಣಿದಾಡುವುದಿಲ್ಲ, ಮುಂದಿನ ತಿಂಗಳೇ ಅವರಲ್ಲಿ ಹೆಚ್ಚಿನವರಿಗೆ ಹೈಕೋರ್ಟಿನ ಧಾರವಾಡ ಪೀಠದಲ್ಲಿ ಜಾಮೀನು ಸಿಕ್ಕಿತು. ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ಜನರನ್ನು ಮನೆಯೊಳಗೆ ಹಾಕಿ ಸುಟ್ಟರು. ಸಾಕ್ಷಿಗಳು ತಿರುಗಿ ನಿಂತರು, 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. ಆ ಸಾಕ್ಷಿಗಳನ್ನು ಬೈಯಲು ನಮಗೆ ನಾಲಿಗೆ ಬರುವುದಿಲ್ಲ. ಅವರ ಬೆನ್ನಿಗೆ ಎಷ್ಟು ಜನ ನಿಂತಿದ್ದರು?

ಆದ್ದರಿಂದ ದೇವಸುಗೂರಿನಲ್ಲಿ ನಾವು ಮಾಡುತ್ತಿರುವುದನ್ನು ಹೇಳುತ್ತೇವೆ. ಪ್ರತಿ ಭಾನುವಾರ ಸಂಜೆ ಹಳೆಯ ಸೇತುವೆಯ ಕೆಳಗೆ ಕೃಷ್ಣೆಯ ಮರಳಿನಲ್ಲಿ ಸೇರುತ್ತೇವೆ. ಮುತ್ಯಾ ಮೊದಲು ಬೀಳುವುದನ್ನು ಕಲಿಸುತ್ತಾರೆ. ಗದ್ದ ಎದೆಗೆ ಒತ್ತಿ, ತಲೆ ನೆಲಕ್ಕೆ ತಾಗದ ಹಾಗೆ. ಬೀದಿಯ ಜಗಳದಲ್ಲಿ ಗುದ್ದಿಗಿಂತ ಕಲ್ಲಿಗೆ ತಲೆ ಬಡಿದು ಸತ್ತವರೇ ಹೆಚ್ಚೆಂದು ಅವರ ಲೆಕ್ಕ. ಆಮೇಲೆ ಹಿಡಿದವರಿಂದ ಬಿಡಿಸಿಕೊಳ್ಳುವುದು, ಓಡುವುದು, ಇಬ್ಬರು ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲುವುದು. ನರ್ಸಿಂಗ್ ಓದುವ ತಂಗಿಯೊಬ್ಬಳು ರಕ್ತ ಕಟ್ಟುವುದನ್ನು ತೋರಿಸಿದಳು: ಗಾಯದ ಮೇಲೆ ಬಟ್ಟೆ ಇಟ್ಟು ಬಿಡದೆ ಒತ್ತಬೇಕು, ಚುಚ್ಚಿದ ಚಾಕು ಒಳಗೇ ಇದ್ದರೆ ಕೀಳಬಾರದು. ಎರಡು ವರ್ಷದ ಕರಾಟೆಯಲ್ಲಿ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಕೊನೆಗೆ ಬೈಗುಳದ ಸಾಮು. ಇದು ನಮ್ಮದೇ. ಮೂವರು ಊರಿನವರಾಗುತ್ತಾರೆ, ಒಬ್ಬ ಕಲ್ಲಿನ ಮೇಲೆ ಕೂತು ಚಹಾ ಕುಡಿಯುತ್ತಾನೆ. ಮೂವರೂ ಬಂದು ಜಾತಿ ಹಿಡಿದು ಬೈಯಬೇಕು, ಊರಲ್ಲಿ ಹೇಗೆ ಬೈಯುತ್ತಾರೋ ಹಾಗೆ, ಕಡಿಮೆಯಿಲ್ಲದೆ. ಕೂತವನು ಎದ್ದು ನಿಲ್ಲಬೇಕು. ಅಂಗೈ ಮುಂದೆ ಮಾಡಿ, ದೊಡ್ಡ ದನಿಯಲ್ಲಿ ಅವರ ಹೆಸರು ಹಿಡಿದು, ಸುತ್ತಲಿನವರಿಗೆಲ್ಲ ಕೇಳುವ ಹಾಗೆ ಮಾತಾಡಬೇಕು. ಮೂವರ ನಡುವೆ ಸಿಕ್ಕದೆ ಬದಿಗೆ ಸರಿಯಬೇಕು. ಮೈಮೇಲೆ ಬಂದರೆ ದಾರಿ ಮಾಡಿಕೊಂಡು ಹೊರಬೀಳಬೇಕು. ಹೊರಬಿದ್ದ ಕೂಡಲೆ 112, ಆಮೇಲೆ 14566. ಆಮೇಲೆ ಸರ್ಕಾರಿ ದವಾಖಾನೆ, ಗಾಯ ಒಣಗುವ ಮುಂಚೆ ಬರೆಸಬೇಕು. ಫಿರ್ಯಾದಿಯನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು, ಅವರದೇ ಊರಿನ ಠಾಣೆ ಆಗಬೇಕೆಂದಿಲ್ಲ. ಮೊದಲ ಭಾನುವಾರ ಈ ಸಾಮು ಮಾಡಿದಾಗ ಇಬ್ಬರು ಹುಡುಗರು ಅತ್ತುಬಿಟ್ಟರು. ಬೈದವನೂ ಅತ್ತ. ಆಟವೆಂದು ಗೊತ್ತಿದ್ದೂ ಕೈ ಕಟ್ಟಿಕೊಂಡು ನಿಂತವರಿದ್ದರು. ನಾಲ್ಕನೆಯ ಭಾನುವಾರದ ಹೊತ್ತಿಗೆ ನಮ್ಮ ತಮ್ಮನ ದನಿ ಸೇತುವೆಯ ಮೇಲೆ ಲಾರಿ ನಿಲ್ಲಿಸಿದವನಿಗೂ ಕೇಳಿಸಿತು. ಅವನು ಬಗ್ಗಿ ನೋಡಿ, ಏನ್ರಪಾ ಜಗಳ ಎಂದು ಕೂಗಿದ.

ಚಾಕು ಈಗ ದಿಂಬಿನ ಕೆಳಗಿಲ್ಲ, ಟ್ರಂಕಿನಲ್ಲಿದೆಯಂತೆ. ಬಿಸಾಡು ಎಂದು ನಾವು ಹೇಳಿಲ್ಲ. ಕಳೆದ ವಾರ ಅಪ್ಪನನ್ನು ಒಪ್ಪಿಸಿ ಫಿರ್ಯಾದಿ ಕೊಟ್ಟ. ಯಾಕೆ ತಡ ಎಂದು ಕೇಳಿದರು. ಹತ್ತಿ ಬಿಡಿಸುವ ಕೂಲಿಯ ವಿಷಯವನ್ನೇ ಬರೆಸಿದ. ಮೂರು ದಿನಕ್ಕೆ ಆ ಕೂಲಿ ನಿಂತಿತು. ಅವನಪ್ಪ, ಅವ್ವ ಈಗ ಬೇರೆ ಊರಿನ ಹೊಲಕ್ಕೆ ಟಂಟಂನಲ್ಲಿ ಹೋಗುತ್ತಿದ್ದಾರೆ, ಗಾಡಿಯ ಖರ್ಚಿಗೆ ಹಾಸ್ಟೆಲಿನಲ್ಲಿ ಪಟ್ಟಿ ಎತ್ತುತ್ತಿದ್ದೇವೆ. ಬರುವ ಸೋಮವಾರ ಡಿವೈಎಸ್ಪಿಯ ಎದುರು ಅವನ ಹೇಳಿಕೆ ಇದೆ. ನಾವು ಹನ್ನೊಂದು ಜನ ಜೊತೆಗೆ ಹೋಗುತ್ತೇವೆ, ಯಾರ ಕಿಸೆಯಲ್ಲೂ ಏನೂ ಇರುವುದಿಲ್ಲ. ಬಸ್ಸು ಬೆಳಿಗ್ಗೆ ಆರಕ್ಕೆ. ಬರುವವರು ಭಾನುವಾರ ಸಂಜೆಯೊಳಗೆ ತಿಳಿಸಿ, ಬುತ್ತಿ ಕಟ್ಟಿಸಬೇಕು.